ಕಲ್ಲಾದ ಕೊಬ್ಬರಿ ಎಣ್ಣೆ

2016ರ ಜನವರಿ ಎರಡನೆಯ ವಾರದ ಒಂದು ಬೆಳಿಗ್ಗೆ, ಓಮಾನಿನ ಜಬಲ್ ಅಖ್ದರ್ ಬೆಟ್ಟದ ಮೇಲಿರುವ ಸೈಕ್ ಎಂಬ ಊರಿನಲ್ಲಿ, ನಮ್ಮ ಬಾಡಿಗೆ ಮನೆಯ ಪಡಸಾಲೆಯ ಗೂಡಿನಲ್ಲಿಟ್ಟಿದ್ದ ಕೊಬ್ಬರಿ ಎಣ್ಣೆ ಕಲ್ಲಾಯಿತು. ಬಾಟಲಿಯನ್ನು ಬೋರಲು ಹಾಕಿದರೂ ಒಂದು ಹನಿ ಬೀಳಲಿಲ್ಲ. ಆಗ ಸ್ಥಳದಲ್ಲಿ ಮೂವರು ದೊಡ್ಡವರು, ಒಂದು ಕೂಸು ಇದ್ದರು.

ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ಒಂದು ಸುದ್ದಿಯೇ ಎಂದು ನೀವು ಕೇಳಬಹುದು. ಬಹುಕಾಲ ಸುದ್ದಿಮನೆಯಲ್ಲಿ ಕುಳಿತ ನನಗೂ ಅದು ಸುದ್ದಿ ಅನ್ನಿಸಿರಲಿಲ್ಲ. ಆದರೆ ಕೆಲವು ಸುದ್ದಿಗಳ ತೂಕ ಅವನ್ನು ಹೇಳುವವರ ಮೇಲೆ ನಿಂತಿರುತ್ತದೆ. ಇದನ್ನು ಹೇಳಿದವಳು ಗೌರತ್ತಿ.

ಈಗ ಯಾಕೆ ನೆನಪಾಯಿತೆಂದರೆ, ಅದೇ ಬಾಟಲಿ ಇವತ್ತು ಬೆಳಿಗ್ಗೆ ಮಸ್ಕತ್ತಿನ ವಿಮಾನ ನಿಲ್ದಾಣದ ಹತ್ತಿರದ ಸೀಬ್‌ನ ನಮ್ಮ ಫ್ಲ್ಯಾಟಿನಲ್ಲಿ ಮತ್ತೆ ಕಲ್ಲಾಗಿತ್ತು. ಅಂಗೈಯಗಲದ ಚಪ್ಪಟೆ ಗಾಜಿನ ಬಾಟಲಿ ಅದು. ಮೂಲದಲ್ಲಿ ಕೆಮ್ಮಿನ ಔಷಧದ್ದು. ಹೊರಗೆ ವಿಮಾನಗಳೂ ಬೆವರುವಂಥ ಬಿಸಿಲು. ಒಳಗೆ, ಅಂಥ ಬಿಸಿಲಿಗೆ ಹೆದರಿ ಇಡೀ ರಾತ್ರಿ ಓಡಿದ ಎಸಿ. ಮರುಭೂಮಿಯ ದೇಶದಲ್ಲಿ ಎಣ್ಣೆ ಹೆಪ್ಪುಗಟ್ಟಿಸಿಕೊಂಡು ಕುಳಿತುಕೊಳ್ಳುವುದು ನಮ್ಮಂಥವರಿಗೆ ಮಾತ್ರ ಸಾಧ್ಯ. ಮಗಳು ಮೈನಾ ಶಾಲೆಯ ಸಮವಸ್ತ್ರ ಹಾಕಿಕೊಂಡು, ಕೂದಲು ಬಿಚ್ಚಿಕೊಂಡು, ಬಾಟಲಿ ತಿರುವಿ ನೋಡಿ, "ಪಪ್ಪಾ, ಫ್ರೋಜನ್" ಅಂದಳು. ನಾನು ಚಹದ ಲೋಟ ಹಿಡಿದು ಸೈಕ್‌ಗೆ ಹೋಗಿಬಿಟ್ಟೆ.

ಮೊದಲು ನನ್ನ ಕಸುಬಿನ ಬಗ್ಗೆ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಅನಾಹುತಗಳಿಗೆ ಕಾರಣ ತಿಳಿಯುವುದಿಲ್ಲ. ಮಸ್ಕತ್ತಿನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ಉಪಸಂಪಾದಕನಾಗಿದ್ದೆ. ಉಪಸಂಪಾದಕನ ಕೆಲಸ ಕತ್ತರಿಸುವುದು. ಬರೆಯುವವರು ಉದ್ದ ಬರೆಯುತ್ತಾರೆ, ಪುಟದಲ್ಲಿ ಜಾಗ ಕಡಿಮೆ ಇರುತ್ತದೆ. ಮುಖ್ಯವಾದದ್ದು ಮೊದಲು ಬರಬೇಕು, ಉಳಿದದ್ದು ಆಮೇಲೆ. ಜಾಗ ಸಾಲದಿದ್ದರೆ ಬಾಲದಿಂದ ಕತ್ತರಿಸಬೇಕು. ಸುದ್ದಿಮನೆಯ ಈ ಧರ್ಮವನ್ನು ನಾನು ಎಷ್ಟು ನಿಷ್ಠೆಯಿಂದ ನಡೆಸಿದೆನೆಂದರೆ, ಹೇಗೂ ಕತ್ತರಿಸುವ ಬಾಲವನ್ನು ಓದುವ ಅಭ್ಯಾಸವನ್ನೇ ಬಿಟ್ಟಿದ್ದೆ. ಹೀಗಾಗಿ ಜಗತ್ತಿನ ಎಲ್ಲ ವಿಷಯಗಳೂ ನನಗೆ ಅರ್ಧರ್ಧ ಗೊತ್ತಿದ್ದವು, ಅದೂ ಮೇಲಿನ ಅರ್ಧ. ಪರಿಚಯದವರು ಯಾರಾದರೂ ಮೂತ್ರಪಿಂಡದ ಕಲ್ಲಿನ ಬಗ್ಗೆ ಕೇಳಿದರೆ ಕಲ್ಲು ಹೇಗೆ ಹುಟ್ಟುತ್ತದೆ ಎಂಬುದನ್ನು ಸೊಗಸಾಗಿ ಹೇಳುತ್ತಿದ್ದೆ. ಹೋಗುವುದು ಹೇಗೆ ಎಂದರೆ ಮಾತು ಬದಲಿಸುತ್ತಿದ್ದೆ.

ಪತ್ರಿಕೆಗೆ ಮನೆ ಮತ್ತು ತೋಟದ ಬಗ್ಗೆ ಒಂದು ವಾರದ ಪುರವಣಿ ಇತ್ತು. ಅದು ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಬೇಕಾದ ಲೇಖನಗಳು ಹಿಮ ಬೀಳುವ ದೇಶಗಳ ಸುದ್ದಿಸಂಸ್ಥೆಗಳಿಂದ ಬರುತ್ತಿದ್ದವು. ಎಸಿ ಜಾಹೀರಾತುಗಳ ನಡುವೆ ಉಳಿದ ಜಾಗದಲ್ಲಿ, ಕಟ್ಟಿಗೆಯಿಂದಲೂ ಬಿಸಿಲಿನಿಂದಲೂ ಮನೆಯನ್ನು ಬೆಚ್ಚಗಿಡುವುದು ಹೇಗೆ ಎಂದು ನಾವು ಮಸ್ಕತ್ತಿನ ಜನರಿಗೆ ತಿಳಿಸುತ್ತಿದ್ದೆವು. ಆ ಮಸ್ಕತ್ತಿನಲ್ಲಿ ಬೇಸಿಗೆ ಬಂದರೆ ಮಹಡಿ ಮೇಲಿನ ತೊಟ್ಟಿಯ ನೀರು ತಾನಾಗಿ ಕುದಿಯುವ ಹದಕ್ಕೆ ಬರುತ್ತದೆ. ತಣ್ಣೀರು ಬೇಕಾದವರು ಬಚ್ಚಲಮನೆಯ ಗೀಸರನ್ನು ಆರಿಸಿ, ನೆರಳಿನಲ್ಲಿ ತಣಿದ ಅದರ ನೀರನ್ನು ಬಳಸುತ್ತಾರೆ. ಅಂದರೆ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು. ಊರಿಂದ ಹೊಸದಾಗಿ ಬಂದವರು ಮೊದಲ ದಿನ ಬಚ್ಚಲಮನೆಯಿಂದ ಕೂಗುವುದು ಕೇಳಿಸಿದರೆ ಅಕ್ಕಪಕ್ಕದವರು ಗಾಬರಿಯಾಗುವುದಿಲ್ಲ. ಇಂಥ ಓದುಗರಿಗೆ ಸೌರಶಕ್ತಿಯ ಬಗ್ಗೆ ನಾನು ಉಪದೇಶ ಮಾಡುತ್ತಿದ್ದೆ. ಒಬ್ಬರೂ ಪತ್ರ ಬರೆದು ಬೈಯಲಿಲ್ಲ. ಓದಿದ್ದರೆ ತಾನೆ?

ಆಮೇಲೆ ಎಣ್ಣೆಯ ಬೆಲೆ ಬಿತ್ತು. ನಾನು ಹೇಳುತ್ತಿರುವುದು ನೆಲದಡಿಯ ಎಣ್ಣೆಯ ಮಾತು. ವಿಲ್ಲಾಗಳ ಜಾಹೀರಾತು ನಿಂತಿತು, ಕಾರುಗಳದ್ದು ತೆಳುವಾಯಿತು. ಮೊದಲು ಪುರವಣಿಯ ಪುಟಗಳು ಹೋದವು, ಹಿಂದೆಯೇ ಪುರವಣಿ ಹೋಯಿತು, ಅದರ ಹಿಂದೆ ನಾನು ಹೋದೆ. ಫೋನಿನಲ್ಲಿ ವಿಷಯ ಕೇಳಿದ ನನ್ನ ಹೆಂಡತಿ ಸುಮಿತ್ರಾ, "ಅವರೂ ಬಾಲದಿಂದನ ಕತ್ತರಿಸಿದ್ರು ಹಂಗಾರ" ಅಂದಳು.

ಸುಮಿತ್ರಾ ಸೈಕ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅದುವರೆಗೆ ನಾನು ಮಸ್ಕತ್ತಿನ ಬೌಷರ್‌ನ ಒಂದು ಕೋಣೆಯಲ್ಲಿ, ಅವಳು ಬೆಟ್ಟದ ಮೇಲೆ; ವಾರಕ್ಕೊಮ್ಮೆ ಭೇಟಿ. ಕೆಲಸ ಹೋದ ಮೇಲೆ ನನ್ನ ಪುಸ್ತಕ, ಪಾತ್ರೆಗಳನ್ನು ಕಟ್ಟಿಕೊಂಡು ನಾನೂ ಬೆಟ್ಟ ಹತ್ತಿದೆ. ಆಗ ನಮಗೊಂದು ಮಗಳಿದ್ದಳು, ಆದರೆ ನಮ್ಮ ಹತ್ತಿರ ಇರಲಿಲ್ಲ. ಸುಮಿತ್ರಾ ಹೆರಿಗೆಗೆ ಬಾಗಲಕೋಟೆಗೆ ಹೋಗಿ, ರಜೆ ಮುಗಿದಾಗ ಕೂಸನ್ನು ತಾಯಿಯ ಮಡಿಲಲ್ಲಿ ಬಿಟ್ಟು ಒಬ್ಬಳೇ ಬಂದಿದ್ದಳು. ಕೆಲಸದಲ್ಲಿದ್ದವರೇ ನಾಳೆ ಇರುತ್ತೇವೋ ಇಲ್ಲವೋ ಎನ್ನುತ್ತಿದ್ದ ದಿನಗಳಲ್ಲಿ ರಜೆ ಮುಂದುವರಿಸಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗಲ್ಫ್‌ನಲ್ಲಿ ದುಡಿಯುವ ಎಷ್ಟೋ ತಾಯಂದಿರಂತೆ ಅವಳೂ ಮಗಳಿಗೆ ಹಲ್ಲು ಬಂದದ್ದನ್ನು ಫೋನಿನ ಪರದೆಯಲ್ಲಿ ನೋಡಿದಳು. ಈಗ ಗಂಡ ಮನೆಯಲ್ಲಿ ಖಾಲಿ ಕುಳಿತಿದ್ದಾನಲ್ಲ, ಕೂಸನ್ನು ನೋಡಿಕೊಳ್ಳಲು ಆಳು ಸಿಕ್ಕಂತಾಯಿತು. ಮೈನಾಳನ್ನು ಕರೆತಂದು ಬಿಟ್ಟುಹೋಗಲು ಗೌರತ್ತಿ ಹೊರಟಳು.

ಗೌರತ್ತಿ ನನ್ನ ತಂದೆಯ ತಂಗಿ. ಅವಳ ಮಗಳನ್ನೇ ನಾನು ಮದುವೆಯಾದದ್ದರಿಂದ ಅತ್ತೆಯೂ ಅವಳೇ. ಇಂಥ ಸಂಬಂಧದಲ್ಲಿ ಅಳಿಯನಿಗೆ ಸಲ್ಲಬೇಕಾದ ಮರ್ಯಾದೆ ಸಿಗುವುದಿಲ್ಲ. ಬೇರೆ ಅಳಿಯಂದಿರು ಕಾಲು ತೊಳೆಯಲು ಬಿಸಿನೀರು, ಕೂರಲು ಜಮಖಾನೆ ಕಾಣುತ್ತಾರೆ. ವಿರೂಪಾಕ್ಷ ಎಂಬ ತುಂಬು ಹೆಸರಿನ ನಾನು ಅವಳ ಪಾಲಿಗೆ ಇವತ್ತಿಗೂ ಪಾಕ್ಷ್ಯಾ. ಬೈಗುಳವೂ ಸೋದರತ್ತೆಯ ಹಕ್ಕಿನದು.

ಗಲ್ಫ್ ಎಂದರೆ ಬೆಂಕಿಯುಗುಳುವ ನಾಡು ಎಂದು ನಂಬಿದ್ದ ಅವಳು ಕೂಸಿಗೆ ತೆಳು ಮಲ್ಲಿನ ಅಂಗಿಗಳನ್ನೂ, ತನಗೊಂದು ಬೀಸಣಿಗೆಯನ್ನೂ ತಂದಿದ್ದಳು. ಸೈಕ್ ಚಳಿಯ ಊರು, ಸಮುದ್ರಕ್ಕಿಂತ ಬಹಳ ಎತ್ತರದಲ್ಲಿದೆ, ಜನವರಿಯಲ್ಲಿ ಬಕೆಟ್ಟಿನ ನೀರಿನ ಮೇಲೆ ಕೆನೆಯಂತೆ ಮಂಜು ಕಟ್ಟುತ್ತದೆ ಎಂದು ನಾನು ಫೋನಿನಲ್ಲಿ ಹೇಳಿದ್ದೆ. ಆದರೆ ಕೊನೆಯಲ್ಲಿ ಹೇಳಿದ್ದೆ. ಅಷ್ಟರಲ್ಲಿ ಅವಳು ಫೋನ್ ಇಟ್ಟಿದ್ದಳು. ಇನ್ನೊಂದು ಗಂಟಿನಲ್ಲಿ, ಕೂಸಿಗೆ ಎರೆದ ಮೇಲೆ ಹೊಗೆ ಹಾಕಲು ಬೇಕೆಂದು ಬಾಗಲಕೋಟೆಯ ಸಂತೆಯಿಂದ ಲೋಬಾನ ತಂದಿದ್ದಳು. ಜಗತ್ತಿಗೆ ಲೋಬಾನ ಕೊಡುವ ದೇಶ ಇದೇ ಎಂದು ನಾನು ಹೇಳಿದಾಗ, "ಇರ್ಲಿ ಬಿಡೋ, ಇವರದು ಹೆಂಗಿರತೈತೋ ಏನೋ" ಅಂದಳು. ಮನೆಯ ಮಾಲೀಕ ಸೈಫ್‌ನ ಹೆಂಡತಿ ಒಂದು ಬಟ್ಟಲು ಹರಳು ಹರಳಾದ ಲೋಬಾನ ಕಳಿಸಿದ ಮೇಲೆ ಬಾಗಲಕೋಟೆಯ ಪೊಟ್ಟಣ ಮತ್ತೆ ಕಾಣಿಸಲಿಲ್ಲ.

ಈಗ ಆ ಬೆಳಿಗ್ಗೆಗೆ ಬರೋಣ. ಗೌರತ್ತಿ ಬಂದ ಮರುದಿನ. ಕೂಸಿನ ನೆತ್ತಿಗೆ ಎಣ್ಣೆ ಒತ್ತಲು ಬಾಟಲಿ ತೆಗೆದಳು. ಬೋರಲು ಹಾಕಿದಳು. ತಳಕ್ಕೆ ಎರಡು ಏಟು ಕೊಟ್ಟಳು. ಬಾಟಲಿಯನ್ನು ನನ್ನ ಮುಖದೆದುರು ಹಿಡಿದಳು.

"ಏನೋ ಪಾಕ್ಷ್ಯಾ, ಇದು ಮನಿಯೋ, ಐಸ್ ಪೆಟಗಿಯೋ?"

"ಒಂದೆರಡು ತಿಂಗಳು ಅಷ್ಟ ಅತ್ತೀ. ಮಾರ್ಚ್ ಬಂದ್ರ—"

"ಎಣ್ಣಿ ಕಲ್ಲಾಗೂ ಮನ್ಯಾಗ ಎಳೀ ಕೂಸು ಏನಾಕ್ಕೈತಿ? ಕೇಳಿಲ್ಲಿ. ನನ್ನ ವೀಸಾ ಮುಗಿಯೂದ್ರಾಗ ಈ ಎಣ್ಣಿ ಇದ ಗೂಡಿನ್ಯಾಗ ಕರಗಬೇಕು. ಕರಗಿದ್ರ ಕೂಸು ನಿಮ್ಮದು. ಇಲ್ಲಾಂದ್ರ ಹೆಂಗ ತಂದೀನಿ ಹಂಗ ತಿರುಗಿ ಕರಕೊಂಡ ಹೋಗಾಕಿ."

ಸುಮಿತ್ರಾ ಕೈ ಚಾಚಿದಳು. ಕೂಸು ಅಜ್ಜಿಯ ಸೆರಗನ್ನು ಗಟ್ಟಿಯಾಗಿ ಹಿಡಿದು ಮುಖ ತಿರುಗಿಸಿ ಅತ್ತಿತು. ಅದಕ್ಕೆ ಅವಳು ಇನ್ನೂ ಪರದೆಯೊಳಗಿನ ಹೆಂಗಸು.

ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಸುಮಿತ್ರಾ ನನ್ನ ಮುಖ ನೋಡದೆ ಹೇಳಿದಳು: "ರೀ, ಬೆಂಕಿ ಹಚ್ಚ್ರಿ, ಬಿಸಿಲು ಹಿಡೀರಿ, ಏನರ ಮಾಡ್ರಿ. ಕೂಸು ಮಾತ್ರ ವಾಪಸ್ ಹೋಗಬಾರದು."

ಕರೆಂಟಿನ ಹೀಟರು ಇಡಬಹುದಿತ್ತಲ್ಲ ಎಂದು ನೀವು ಅಂದುಕೊಳ್ಳುತ್ತಿದ್ದೀರಿ. ಮಲಗುವ ಕೋಣೆಯಲ್ಲಿ ಒಂದಿತ್ತು. ಇನ್ನೊಂದು ಹಚ್ಚಿದರೆ ಹಳೆಯ ತಂತಿಯ ಆ ಮನೆ ಪೂರ್ತಿ ಕತ್ತಲಾಗುತ್ತಿತ್ತು. ಅದೂ ಅಲ್ಲದೆ ನನ್ನ ತಲೆಯಲ್ಲಿ ಆಗಲೇ ಒಂದು ವಾಕ್ಯ ಮಿನುಗುತ್ತಿತ್ತು: 'ಬಿಸಿಲು ಮತ್ತು ಕಟ್ಟಿಗೆ ಒಳ್ಳೆಯ ದಂಪತಿಗಳು, ಹಗಲು ಒಬ್ಬರು ಮನೆ ನೋಡಿಕೊಂಡರೆ ರಾತ್ರಿ ಇನ್ನೊಬ್ಬರು.' ನಾನೇ ತಿದ್ದಿ ಹಾಕಿದ ಲೇಖನದ ಮೊದಲ ಸಾಲು. ಎಷ್ಟು ಚೆನ್ನಾಗಿ ನೆನಪಿತ್ತು! ನನ್ನಷ್ಟು ಸಿದ್ಧನಾದ ಮನುಷ್ಯ ಇಡೀ ಬೆಟ್ಟದಲ್ಲಿ ಇಲ್ಲವೆಂದುಕೊಂಡೆ.

ಬೆಂಕಿಗೂ ನನಗೂ ಹಿಂದೆ ಅಷ್ಟು ಸರಿಯಿರಲಿಲ್ಲ ಎಂಬುದನ್ನು ಮರೆತಿದ್ದೆ. ಚಿಕ್ಕಂದಿನಲ್ಲಿ ಊರಿನ ನಮ್ಮ ಮನೆಯಲ್ಲಿ ಬಚ್ಚಲ ಹಂಡೆಗೆ ಉರಿ ಹಾಕುವುದು ಮಕ್ಕಳ ಪಾಳಿ. ಹತ್ತಿಕಟ್ಟಿಗೆ, ಜಾಲಿ ತುಂಡು, ಮೇಲೆ ಒಂದು ಕುಳ್ಳು. ಅಣ್ಣಂದಿರು ಒಂದು ಕಡ್ಡಿಯಲ್ಲಿ ಹತ್ತಿಸುತ್ತಿದ್ದರು. ನಾನು ಊದುಗೊಳವೆ ಹಿಡಿದು, ಊದುವ ಬದಲು ಒಮ್ಮೆ ಎಳೆದುಕೊಂಡವನು. ಅಂದು ಕೆಮ್ಮುತ್ತ ಹೊರಬಂದ ನನ್ನ ಬೂದಿಮುಖ ನೋಡಿ ಅಜ್ಜಿ, ಇವನಿಗೆ ಓದು ಹತ್ತಬಹುದು, ಒಲೆ ಹತ್ತುವುದಿಲ್ಲ ಎಂದಿದ್ದಳಂತೆ. ನಾನು ಪತ್ರಕರ್ತನಾದದ್ದಕ್ಕೆ ಮೂಲ ಕಾರಣ ಆ ಬಚ್ಚಲ ಒಲೆಯೇ ಇರಬೇಕು.

ಒಲೆ ಮಾಡಿಸಲು ಮಸ್ಕತ್ತಿನ ವಾದಿ ಅದಾಯ್ ಎಂಬ ಬಡಾವಣೆಗೆ ಇಳಿದೆ. ಅಲ್ಲಿ ಹಮೀದ್ ಕಾಕನ ತಗಡಿನ ಕಾರ್ಖಾನೆ ಇತ್ತು. ಪುತ್ತೂರಿನ ಕಡೆಯ ಬ್ಯಾರಿ. ವಿಲ್ಲಾಗಳಿಗೆ ಎಸಿ ಗಾಳಿ ಹರಿಯುವ ತಗಡಿನ ಕೊಳವೆ ಮಾಡುವುದು ಅವರ ಕಸುಬು. ಹೊಸ ವಿಲ್ಲಾಗಳೇ ಇಲ್ಲದೆ ಕಾರ್ಖಾನೆಯಲ್ಲಿ ಬೆಕ್ಕು ಮಲಗಿತ್ತು. ನನ್ನ ಮಾತು ಕೇಳಿ ಅವರಿಗೆ ನಗು ತಡೆಯಲಿಲ್ಲ.

"ಎಂತ ಮಾರಾಯ್ರೆ! ಇಷ್ಟು ವರ್ಷ ತಣ್ಣಗೆ ಮಾಡುವ ಡಬ್ಬ ಮಾಡಿದೆ. ಈಗ ಕೆಲಸವೇ ಇಲ್ಲ ಅಂತ ಕೂತಿರುವಾಗ ನೀವು ಬಿಸಿ ಮಾಡುವ ಡಬ್ಬ ಕೇಳ್ತೀರಿ!"

"ಆಗ್ತದಲ್ಲ?"

"ಆಗದೆ ಎಂತ? ಗಾಳಿ ಗಾಳಿಯೇ ಅಲ್ವಾ. ತಣ್ಣಗಿನದ್ದು ಹೋದ ಹಾಗೆ ಬಿಸಿಯದ್ದೂ ಹೋಗ್ತದೆ." ಹಿತ್ತಲಿನಿಂದ ಒಂದು ಖಾಲಿ ಎಣ್ಣೆ ಪೀಪಾಯಿಯನ್ನು ಉರುಳಿಸಿಕೊಂಡು ಬಂದರು. "ಇದೀಗ ಯಾರಿಗೂ ಬೇಡ, ನೋಡಿ. ಹೊಟ್ಟೆಗೆ ಬಾಗಿಲು ಇಡುವ, ತಲೆಗೆ ಕೊಳವೆ ಇಡುವ. ಖಲಾಸ್."

ಗಾಳಿಯ ವಿಷಯದಲ್ಲಿ ಕಾಕನಿಗಿದ್ದ ಆತ್ಮವಿಶ್ವಾಸ, ಒಲೆಯ ವಿಷಯದಲ್ಲಿ ನನಗಿದ್ದ ಜ್ಞಾನ, ಎರಡೂ ಸೇರಿ ಒಲೆ ತಯಾರಾಯಿತು. ಪೀಪಾಯಿಯನ್ನು ಕಾಕ ಎರಡು ಸಲ ಕಾಯಿಸಿ, ತೊಳೆದು ಕೊಟ್ಟರು. ಹೊಗೆ ಕೊಳವೆಯನ್ನು ಎಸಿ ಕೊಳವೆಯಂತೆಯೇ ಅಂದವಾಗಿ ಗೋಡೆಯುದ್ದಕ್ಕೆ ಅಡ್ಡಡ್ಡ ಓಡಿಸಿ, ಕಿಟಕಿಯ ಮೂಲೆಯಿಂದ ಹೊರಬಿಡುವ ನಕಾಶೆ ಬರೆದವರು ಅವರು, ಒಪ್ಪಿದವನು ನಾನು. ಬಿಸಿಲು ಹಿಡಿಯುವ ಪೆಟ್ಟಿಗೆಗೆ ಯಾವುದೋ ನಿಂತುಹೋದ ವಿಲ್ಲಾದ ಕಿಟಕಿ ಗಾಜು ಸಿಕ್ಕಿತು. ಒಳಗೆ ಕಪ್ಪು ಬಣ್ಣದ ತಗಡು, ಮೇಲೆ ಗಾಜು. ನಮ್ಮ ಪಡಸಾಲೆಯ ದಕ್ಷಿಣದ ಗೋಡೆಯಲ್ಲಿ ಹಿಂದೆ ಯಾರೋ ಎಸಿ ಇಟ್ಟಿದ್ದ ಚೌಕದ ಕಿಂಡಿ ಇತ್ತು. ಅದಕ್ಕೆ ಈ ಪೆಟ್ಟಿಗೆಯನ್ನು ಹೊರಗಿನಿಂದ ಹೊಂದಿಸಿದರೆ, ಬಿಸಿಲಿಗೆ ಕಾದ ಗಾಳಿ ಕಿಂಡಿಯಿಂದ ಮನೆಯೊಳಗೆ ಬರಬೇಕು. ಬಂತು ಕೂಡ. ಮೊದಲ ದಿನ ಮಧ್ಯಾಹ್ನ ಕಿಂಡಿಯ ಮುಂದೆ ಅಂಗೈ ಹಿಡಿದು ನಿಂತ ನನಗೆ ಬಂದ ಹೆಮ್ಮೆ, ಮುಖಪುಟಕ್ಕೆ ತಲೆಬರಹ ಕೊಟ್ಟ ದಿನವೂ ಬಂದಿರಲಿಲ್ಲ.

"ಬಾ ಅತ್ತೀ, ಕೈ ಹಿಡಿ ಇಲ್ಲೆ!"

ಗೌರತ್ತಿ ಕೈ ಹಿಡಿದಳು. "ಬೆಚ್ಚಗೈತಿ," ಎಂದು ಒಪ್ಪಿದಳು. "ಮಧ್ಯಾಹ್ನ ಅಂಗಳದಾಗೂ ಬೆಚ್ಚಗ ಇರತೈತಿ."

ಸೂರ್ಯ ಬೆಟ್ಟದ ಹಿಂದೆ ಜಾರಿದ. ಕೆಲಸ ಮುಗಿಸಿ ಬಂದ ಸುಮಿತ್ರಾ ಪಡಸಾಲೆಯಲ್ಲಿ ನಿಂತು ಸುತ್ತ ನೋಡಿದಳು. "ಎಲ್ಲಿಂದೋ ಗಾಳಿ ಬರಾಕತ್ತೈತಲ್ರೀ?" ಹಗಲೆಲ್ಲ ಬಿಸಿ ತಂದ ಕಿಂಡಿ ಈಗ ಬೆಟ್ಟದ ಚಳಿಯನ್ನೆಲ್ಲ ಬೊಗಸೆ ತುಂಬಿ ಒಳಗೆ ಸುರಿಯುತ್ತಿತ್ತು. ಬಿಸಿಲು ಹೋದ ಕೂಡಲೇ ಕಿಂಡಿಗೆ ಮುಚ್ಚಳ ಹಾಕಬೇಕು ಎಂದು ಆ ಲೇಖನದಲ್ಲಿ ಬರೆದೇ ಇರುತ್ತದೆ. ಯಾವ ಭಾಗದಲ್ಲಿ ಬರೆದಿರುತ್ತದೆ ಎಂಬುದು ನನಗೆ ಆ ಕ್ಷಣವೇ ಹೊಳೆಯಿತು. ಗೌರತ್ತಿ ತನ್ನ ಕೌದಿಯನ್ನು ಮಡಚಿ ಕಿಂಡಿಗೆ ತುರುಕಿದಳು. ನಮ್ಮ ಹಳೆ ಸೀರೆ, ಧೋತರಗಳ ತುಂಡಿನಿಂದ ಹೊಲಿದ ಆ ಕೌದಿ ಗೋಡೆಯಿಂದ ಅರ್ಧ ಹೊರಚಾಚಿಕೊಂಡು, ಸೌರಶಕ್ತಿ ನನಗೆ ನಾಲಗೆ ತೋರಿಸಿ ಅಣಕಿಸಿದಂತೆ ಕಾಣುತ್ತಿತ್ತು.

ಮರುದಿನ ಕಟ್ಟಿಗೆಯ ಸರದಿ. ಬೆಟ್ಟದಲ್ಲಿ ಬಿದ್ದ ಮರದ ಕೊಂಬೆಗಳನ್ನು ಆರಿಸಲು ಹೋಗಿ ಸೈಫ್‌ನಿಂದ ಬೈಸಿಕೊಂಡೆ. "ಮಮ್ನೂ, ಮಮ್ನೂ" ಎಂದು ಕೈಯಾಡಿಸಿದ. ಬೆಟ್ಟದ ಮರವನ್ನು ಮುಟ್ಟುವಂತಿಲ್ಲ. ಆದ್ದರಿಂದ ಬೆಟ್ಟ ಇಳಿದು, ಕೆಳಗಿನ ರಸ್ತೆಬದಿಯಲ್ಲಿ ಮಾರುವ ಸಮ್ರ್ ಎಂಬ ಮರದ ಕಟ್ಟಿಗೆಯ ಹೊರೆಗಳನ್ನು ಬಾಡಿಗೆ ಜೀಪಿಗೆ ತುಂಬಿಕೊಂಡು ಬಂದೆ. ಗೌರತ್ತಿ ಒಂದು ತುಂಡನ್ನು ಎತ್ತಿ ಮೂಸಿದಳು, ಮುಳ್ಳು ನೋಡಿದಳು. ಬಂದಾಗಿನಿಂದ ಮೊದಲ ಸಲ ಅವಳ ಮುಖ ಅರಳಿತು. "ಏ, ಇದು ನಮ್ಮ ಜಾಲಿ ಅಲ್ಲೇನೋ! ಇದೂ ಇಲ್ಲಿ ದುಡ್ಯಾಕ ಬಂದೈತೇನು?"

ಸಂಜೆಗೆ ಮುಂಚೆ, ಎಲ್ಲರೂ ನೋಡುತ್ತಿರುವಂತೆ ನಾನು ಪೀಪಾಯಿಗೆ ಬೆಂಕಿ ಇಟ್ಟೆ. ಜಾಲಿ ಚಟಪಟ ಎಂದಿತು. ಗೌರತ್ತಿ, "ಬಚ್ಚಲ ಒಲಿ ಹತ್ತಸಾಕ ಬರದಾಂವ ಪೀಪಾಯಿ ಹತ್ತಸ್ಯಾನ ನೋಡ ಸುಮಿ" ಅಂದಳು. ಆ ಹೊಗಳಿಕೆಯನ್ನು ಸ್ವೀಕರಿಸಲು ನಾನು ತಿರುಗುವಷ್ಟರಲ್ಲಿ ಹೊಗೆಯೂ ತಿರುಗಿತು. ಅಡ್ಡಡ್ಡ ಓಡುವ ತಣ್ಣನೆಯ ಕೊಳವೆಯಲ್ಲಿ ಮುಂದೆ ಹೋಗಲು ಮನಸ್ಸಿಲ್ಲದ ಹೊಗೆ, ಬಂದ ದಾರಿಯಲ್ಲೇ ಹಿಂದಿರುಗಿ, ಪೀಪಾಯಿಯ ಬಾಗಿಲಿನಿಂದ ನನ್ನ ಮುಖಕ್ಕೆ ಬಂತು. ನಾನು ಮತ್ತೆ ಊದುಗೊಳವೆ ಎಳೆದುಕೊಂಡ ಹುಡುಗನಾದೆ. ಗೌರತ್ತಿ ಕೂಸಿಗೆ ಕುಂಚಿಗೆ ಕಟ್ಟಿ ಎದೆಗವಚಿಕೊಂಡು ಅಂಗಳಕ್ಕೆ ಓಡಿದಳು. ಸುಮಿತ್ರಾ ಕಿಟಕಿಗಳನ್ನು ತೆರೆದಳು. ಕಿಟಕಿಯಿಂದ ಹೊಗೆ ಏಳುವುದನ್ನು ಕಂಡ ಸೈಫ್, ಬಿಳಿಯ ನಿಲುವಂಗಿಯನ್ನು ಮೊಣಕಾಲಿಗೆತ್ತಿಕೊಂಡು, ದಾಳಿಂಬೆ ತೋಟದ ನೀರಿನ ಪೈಪನ್ನು ಎಳೆದುಕೊಂಡು ಓಡಿ ಬಂದ.

"ಆಗ್ ಕಿಧರ್?" ಎಂದು ತನ್ನ ಮುರುಕು ಹಿಂದಿಯಲ್ಲಿ ಕೂಗಿದ.

"ಡಬ್ಬಾ ಮೇ," ಅಂದೆ ಕೆಮ್ಮುತ್ತ.

ಅವನು ಪೈಪು ಹಿಡಿದುಕೊಂಡೇ ಯೋಚಿಸಿದ. "ಆಗ್ ಡಬ್ಬಾ ಮೇ, ಧುವಾ ಘರ್ ಮೇ, ಆದ್ಮಿ ಬಾಹರ್." ಬೆಂಕಿ ಡಬ್ಬದಲ್ಲಿ, ಹೊಗೆ ಮನೆಯಲ್ಲಿ, ಮನುಷ್ಯರು ಹೊರಗೆ. ಇದಕ್ಕಿಂತ ಚೊಕ್ಕವಾದ ವರದಿಯನ್ನು ನನ್ನ ಯಾವ ವರದಿಗಾರನೂ ಕಳಿಸಿರಲಿಲ್ಲ; ಒಂದು ಪದ ಕತ್ತರಿಸುವಂತಿರಲಿಲ್ಲ. ಅಂದು ಸಂಜೆ ಸೈಫ್‌ನ ಮನೆಯವರು ಅವರ ಪದ್ಧತಿಯಂತೆ ಅಂಗಳದಲ್ಲೇ ಉರಿ ಹಾಕಿ ನಮ್ಮನ್ನು ಸುತ್ತ ಕೂರಿಸಿ, ಕಾವಾ ಎಂಬ ಅರಬ್ಬೀ ಕಾಫಿ, ಖರ್ಜೂರ ಕೊಟ್ಟರು. ನಾವು ಹೊಗೆಯಾಡುವ ನಮ್ಮ ಮನೆಯನ್ನು ನೋಡುತ್ತ ಬೆಚ್ಚಗೆ ಕುಳಿತೆವು.

ಹಮೀದ್ ಕಾಕನಿಗೆ ಫೋನ್ ಮಾಡಿದೆ. ಅವರಿಗೆ ಬೇಸರವಾಯಿತು. "ನಾನು ಮಾಡಿದ ಕೊಳವೆಯಲ್ಲಿ ಗಾಳಿ ವಾಪಸ್ ಬಂದದ್ದು ಇದೇ ಮೊದಲು ಮಾರಾಯ್ರೆ." ಆದರೆ ಆ ಶುಕ್ರವಾರ ಅವರೇ ಜೀಪು ಮಾಡಿಕೊಂಡು ಬೆಟ್ಟ ಹತ್ತಿದರು. ಇಬ್ಬರೂ ಸೇರಿ ಕೊಳವೆಯನ್ನು ಬಿಚ್ಚಿದೆವು, ಜೋಡಿಸಿದೆವು, ಹೊಗೆ ಕುಡಿದೆವು, ಮತ್ತೆ ಬಿಚ್ಚಿದೆವು. ಕೊನೆಗೆ ಎಲ್ಲ ಡೊಂಕುಗಳನ್ನೂ ತೆಗೆದು, ನೇರವಾಗಿ ಮಾಳಿಗೆಯ ಮೇಲೆ ಆಳೆತ್ತರಕ್ಕೆ ನಿಲ್ಲಿಸಿದ ಮೇಲೆ ಹೊಗೆ ಆಕಾಶದ ದಾರಿ ಹಿಡಿಯಿತು. ಕಾಕ ಕೆಳಗಿನಿಂದ ಅದನ್ನು ನೋಡಿ, "ಹೊಗೆಗೆ ಎಸಿಯ ಬುದ್ಧಿ ಇಲ್ಲ" ಎಂದು ತೀರ್ಪು ಕೊಟ್ಟರು. ಗೌರತ್ತಿ ಅವರಿಗೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಅವರ ಕನ್ನಡ ಅವಳಿಗೆ ಪುಸ್ತಕದ್ದಾಗಿ ಕೇಳಿತು, ಅವಳ ಕನ್ನಡ ಅವರಿಗೆ ಜಗಳದ್ದಾಗಿ. ಊಟ ಚೆನ್ನಾಗಿ ಸಾಗಿತು.

ಹೀಗೆ ಹಗಲು ಪೆಟ್ಟಿಗೆ, ಸಂಜೆ ಪೀಪಾಯಿ ಎಂಬ ಸಂಸಾರ ಶುರುವಾಯಿತು. ದಂಪತಿಗಳೇನೋ ಸರಿ, ಆದರೆ ಲೇಖನದಲ್ಲಿ ಹೇಳಿದಷ್ಟು ಅನ್ಯೋನ್ಯವಾಗಿರಲಿಲ್ಲ. ಪೀಪಾಯಿಯ ಹತ್ತಿರ ಕುಳಿತವರ ಮೊಣಕಾಲು ಸುಡುತ್ತಿತ್ತು, ಬೆನ್ನು ನಡುಗುತ್ತಿತ್ತು. ನಾವು ರೊಟ್ಟಿಯಂತೆ ತಿರುವಿಕೊಂಡು ಕೂರುತ್ತಿದ್ದೆವು. ಪೆಟ್ಟಿಗೆಯ ಗಾಜಿನಡಿ ಗೌರತ್ತಿ ಒಂದು ದಿನ ಶಾಂಡಗಿ ಹರವಿದಳು. ಎರಡೇ ಬಿಸಿಲಿಗೆ ಗರಿಗರಿಯಾದವು. ಆಮೇಲೆ ಅದು ನನ್ನ ಪೆಟ್ಟಿಗೆಯಾಗಿ ಉಳಿಯಲಿಲ್ಲ. ಮನೆಗೆ ಬರುವ ಬಿಸಿ ಗಾಳಿಗೆ ಜೀರಿಗೆ, ಹಸಿಮೆಣಸಿನಕಾಯಿಯ ವಾಸನೆ ಹತ್ತಿತು. "ಏನರ ಅನ್ನು, ಶಾಂಡಗಿಗೆ ಚಲೋ ಐತಿ" ಎಂದು ಊರಿಗೆ ಫೋನಿನಲ್ಲಿ ಹೇಳುತ್ತಿದ್ದಳು.

ಆದರೆ ಗೂಡಿನ ಎಣ್ಣೆ? ದಿನಾ ಬೆಳಿಗ್ಗೆ ಚಹಕ್ಕಿಂತ ಮೊದಲು ಗೌರತ್ತಿ ಗೂಡಿಗೆ ಹೋಗಿ ಬಾಟಲಿ ತಿರುವುತ್ತಿದ್ದಳು. ನಾವಿಬ್ಬರೂ ಫಲಿತಾಂಶಕ್ಕೆ ಕಾದ ಅಭ್ಯರ್ಥಿಗಳಂತೆ ನಿಲ್ಲುತ್ತಿದ್ದೆವು.

"ಕಲ್ಲು."

ಒಂದು ದಿನ ಅಂಚಿನಲ್ಲಿ ಸ್ವಲ್ಪ ಸಡಿಲಾಗಿತ್ತು. ನಾನು ಅದನ್ನು ಪ್ರಗತಿ ಎಂದೆ. ಅವಳು, "ಅಂಚು ಕರಗಿದ್ರ ಕೂಸಿನ ಅಂಚು ಅಷ್ಟ ಬಿಟ್ಟ ಹೋಗ್ಲೇನು?" ಎಂದಳು. ನಾನು ಗೂಡಿಗೆ ಹತ್ತಿರವಾಗಲೆಂದು ಪೀಪಾಯಿಯನ್ನು ಸರಿಸಲು ನೋಡಿದೆ, ಕೊಳವೆ ಬಿಡಲಿಲ್ಲ. ಮುಂಜಾವಿಗೆ ಎದ್ದು ಹೊಸ ಕಟ್ಟಿಗೆ ಒಡ್ಡಿದೆ, ಕಲ್ಲು. ಫೆಬ್ರವರಿ ಮುಗಿಯುತ್ತ ಬಂತು, ವೀಸಾ ಕೂಡ.

ಈ ನಡುವೆ ನಾನು ಬೆಂಕಿ ನೋಡಿಕೊಳ್ಳುವುದರಲ್ಲಿ ಮುಳುಗಿದ್ದೆನಲ್ಲ, ಬೇರೊಂದು ಸಂಗತಿಯನ್ನು ಸರಿಯಾಗಿ ಗಮನಿಸಿರಲಿಲ್ಲ. ಸಂಜೆ ಮನೆಗೆ ಬಂದ ಸುಮಿತ್ರಾ ಕೈಗಳನ್ನು ಪೀಪಾಯಿಯ ಮುಂದೆ ಚೆನ್ನಾಗಿ ಕಾಯಿಸಿಕೊಂಡು ಆಮೇಲೆ ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಮೊದಲು ಅಳುತ್ತಿದ್ದ ಮೈನಾ ಆಮೇಲೆ ಆ ಬಿಸಿ ಕೈಗಳಿಗೆ ಕೆನ್ನೆ ಕೊಡತೊಡಗಿದಳು. ಒಂದು ಸಂಜೆ ಅಮ್ಮನ ಸಮವಸ್ತ್ರದ ಗುಂಡಿಯನ್ನು ಬಾಯಿಗೆ ಹಾಕಿಕೊಂಡು ಹಾಗೇ ನಿದ್ದೆ ಹೋದಳು. ಗೌರತ್ತಿ ಎದುರಿಗೆ ಕುಳಿತು ಕಡಲೆಬೇಳೆ ಆರಿಸುತ್ತಿದ್ದಳು. ಆರಿಸಿದ್ದನ್ನೇ ಮತ್ತೆ ಆರಿಸಿದಳು.

ಹೊರಡುವ ದಿನ ಬಂತು. ಗೌರತ್ತಿಯ ಗಂಟುಗಳ ಪಕ್ಕದಲ್ಲಿ ಕೂಸಿನ ಗಂಟೂ ಕಟ್ಟಿತ್ತು. ಮೈನಾಳ ಟಿಕೇಟನ್ನೂ ಅವಳು ಮೊದಲೇ ಎರಡೂ ಕಡೆಯದ್ದು ಮಾಡಿಸಿದ್ದಳು. ಆ ಬೆಳಿಗ್ಗೆ ಮಾಳಿಗೆಯ ಮೇಲಿನ ಬಕೆಟ್ಟಿನಲ್ಲಿ ಮತ್ತೆ ಮಂಜು ಕಟ್ಟಿತ್ತು. ನಾನು ಪಡಸಾಲೆಗೆ ಬಂದಾಗ ಪೀಪಾಯಿ ಆರಿತ್ತು. ಗೌರತ್ತಿ ಎದ್ದು, ಶಾಲು ಹೊದ್ದು, ಗೂಡಿನ ಮುಂದೆ ನಿಂತಿದ್ದಳು. ಸುಮಿತ್ರಾ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

ಗೌರತ್ತಿ ಬಾಟಲಿಯ ಮುಚ್ಚಳ ತೆಗೆದು ಅಂಗೈ ಮೇಲೆ ಬೋರಲು ಹಾಕಿದಳು. ಎಣ್ಣೆ ಗಳಗಳನೆ ಹರಿಯಿತು.

"ನೋಡೋ ಪಾಕ್ಷ್ಯಾ. ಕರಗೇತಿ."

ಅಂಗೈಯ ಎಣ್ಣೆಯನ್ನು ಕೂಸಿನ ನೆತ್ತಿಗೆ ಒತ್ತಿದಳು. ಆಮೇಲೆ ಬಾಟಲಿಯನ್ನು ಸುಮಿತ್ರಾಳ ಕೈಗಿಟ್ಟಳು. "ನಾಳಿಂದ ನೀ ಹಚ್ಚಾಕಿ. ಸುಳಿ ನೋಡಿ ಹಚ್ಚು, ಒರಟ ಮಾಡಬ್ಯಾಡ."

ಈ ಯಶಸ್ಸಿನಲ್ಲಿ ಪೆಟ್ಟಿಗೆಯ ಪಾಲೆಷ್ಟು, ಪೀಪಾಯಿಯ ಪಾಲೆಷ್ಟು ಎಂದು ವಿವರಿಸಲು ನಾನು ಬಾಯಿ ತೆರೆದೆ. ಸುಮಿತ್ರಾ ನನ್ನ ಕಾಲು ತುಳಿದಳು. ವಾಕ್ಯ ಅಲ್ಲಿಗೇ ನಿಂತಿತು.

ಅಂದು ಮಧ್ಯಾಹ್ನ ಗೌರತ್ತಿ ಒಬ್ಬಳೇ ವಿಮಾನ ಹತ್ತಿದಳು. ಕೌದಿಯನ್ನು ಕಿಂಡಿಯಲ್ಲೇ ಬಿಟ್ಟು ಹೋಗಿದ್ದಳು.

ಆಮೇಲಿನ ವರ್ಷಗಳಲ್ಲಿ ಈ ಕಥೆಯನ್ನು ನಾನು ಎಲ್ಲೆಲ್ಲಿ ಹೇಳಿಲ್ಲ! ಸೀಬ್‌ಗೆ ಸುಮಿತ್ರಾಳ ವರ್ಗವಾದ ಮೇಲೆ, ಕನ್ನಡಿಗರ ಯಾವ ಊಟದ ಸಾಲಿನಲ್ಲಿ ಕುಳಿತರೂ, ಯಾರಾದರೂ ಚಳಿಯ ಮಾತೆತ್ತಿದರೆ ಸಾಕು. ಎಣ್ಣೆ ಪೀಪಾಯಿಯ ಒಲೆ, ವಿಲ್ಲಾದ ಗಾಜಿನ ಪೆಟ್ಟಿಗೆ, ಹೆಪ್ಪುಗಟ್ಟಿದ ಬಾಟಲಿ, ಕೊನೆಯ ಬೆಳಗಿನ ಜಯ. ಮುಖ್ಯವಾದದ್ದನ್ನು ಮೊದಲು ಹೇಳುವ ಅಭ್ಯಾಸದಿಂದ ಜಯದಿಂದಲೇ ಶುರುಮಾಡುತ್ತಿದ್ದೆ. ಹಮೀದ್ ಕಾಕ ಅಂತೂ ಕಾರ್ಖಾನೆಗೆ ಬಂದವರಿಗೆಲ್ಲ, "ಬೆಟ್ಟದಲ್ಲಿ ಒಂದು ಇಡೀ ಮನೆ ಬಿಸಿ ಮಾಡಿದ್ದುಂಟು ನಾವು" ಎಂದು ಹೇಳುತ್ತಾರೆ. ಕಥೆ ಕೇಳುವಾಗ ಸುಮಿತ್ರಾ ಯಾವಾಗಲೂ ನೀರು ತರಲು ಎದ್ದು ಹೋಗುತ್ತಾಳೆ. ಹಳೆಯ ಕಷ್ಟ ನೆನಪಾಗಿ ಮನಸ್ಸು ತುಂಬಿ ಬರುತ್ತದೇನೋ ಎಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಮೈನಾ ಬಾಟಲಿಯನ್ನು ನನಗೆ ತೋರಿಸಿ, ನಾನು ಹೀಗೆ ಸೈಕ್‌ಗೆ ಹೋಗಿ ಬರುವಷ್ಟರಲ್ಲಿ, ಬಾಟಲಿಯನ್ನು ಸಮವಸ್ತ್ರದೊಳಗೆ ಕಂಕುಳಿಗೆ ಸಿಕ್ಕಿಸಿಕೊಂಡು, ಒಂದು ತೋಳನ್ನು ಮೈಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬ್ರೆಡ್ಡು ತಿನ್ನುತ್ತಿದ್ದಳು.

"ಇದನ್ನ ಯಾರು ಹೇಳಿಕೊಟ್ರು ನಿನಗ?"

"ಅಜ್ಜಿ. ವಿಡಿಯೋ ಕಾಲ್‌ನಾಗ," ಅಂದಳು. "ಸೈಕ್‌ನಾಗ ಶಾಲು ಹೊದ್ದು ಹೋಲ್ ನೈಟ್ ಇಟ್ಕೊಂಡಿದ್ಳಂತ. ಇಲ್ಲಿ ಟೆನ್ ಮಿನಿಟ್ಸ್ ಸಾಕಂತ."

ಸುಮಿತ್ರಾ ಬಾಚಣಿಗೆಯ ಹಲ್ಲುಗಳನ್ನು ನೋಡುತ್ತ ನಿಂತಿದ್ದಳು. ಕೆಳಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು. ಮೈನಾ ಬಾಟಲಿಯನ್ನು ತೆಗೆದು ತಾಯಿಯ ಅಂಗೈ ಮೇಲೆ ಬೋರಲು ಹಾಕಿದಳು. ಎಣ್ಣೆ ಬಿತ್ತು.